ಕೊಕ್ಕರೆ ಛಾಪಿನ ರಿವಾಲ್ವರ್

14 ಜುಲೈ 1995, ಬೆಳಿಗ್ಗೆ 7

ಬೈಲಹೊಂಗಲದ ನಮ್ಮ ಹತ್ತಿ ಜಿನ್ನಿಗೆ ಹೊರಡುವ ಹೊತ್ತು. ಮೂರನೇ ಮಶೀನಿನ ಪಟ್ಟಾ ಮತ್ತೆ ಹರಿದಿದೆಯಂತೆ. ಹರಿಯಲಿ. ಸೀಜನ್ ಮುಗಿದಿದೆ, ಹತ್ತಿ ಇಲ್ಲ, ಅವಸರವೂ ಇಲ್ಲ. ಇವತ್ತು ಯಾರ ಮೇಲೂ ಸಿಟ್ಟಾಗುವುದಿಲ್ಲ ಎಂದು ಅನ್ನಪೂರ್ಣಾಗೆ ಹೇಳಿದೆ. ಹಣೆ ಮುಟ್ಟಿ ಜ್ವರ ನೋಡಿದಳು. ಹೆಂಡತಿ ಅಂದರೆ ಇವಳೇ!

ಸಂಜೆ ಸವದತ್ತಿಗೆ ಹೋಗಬೇಕು. ಯಮನಪ್ಪಣ್ಣನ ಫೋನು ಬಂದಿತ್ತು — ಮಾಲು ಬಂದಿದೆ! ಮೂರು ವರ್ಷ ಅರ್ಜಿ ಹಿಡಿದು ಬೆಳಗಾವಿಯ ಆಫೀಸಿನ ಮೆಟ್ಟಿಲು ಸವೆಸಿದ್ದು ಸಾರ್ಥಕ. ಲೈಸೆನ್ಸ್ ಪುಸ್ತಕ ಹೋದ ವಾರವೇ ಕೈಗೆ ಸಿಕ್ಕಿದೆ. ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೇನೆ.

ಅದೇ ದಿನ, ರಾತ್ರಿ 8

ನೋಡಿದೆ. ಹಿಡಿದೆ. ತಂದೆ!

ಹೆರಾನ್ ಕಂಪನಿ. ಮೂವತ್ತೆರಡು ಬೋರ್, ಆರು ಗುಂಡು. ವಿಲಾಯತಿ ಮಾಲು. ಕಿತ್ತೂರು ಕಡೆಯ ಒಬ್ಬ ಮುದುಕರು ತಮ್ಮ ವಯಸ್ಸಾಯಿತೆಂದು ಕೊಟ್ಟದ್ದು. ಹಿಡಿಕೆಯ ಮೇಲೆ ಒಂಟಿ ಕಾಲಲ್ಲಿ ನಿಂತ ಕೊಕ್ಕರೆಯ ಛಾಪು. ಅದಕ್ಕೇ ನಮ್ಮ ಕಡೆ ಎಲ್ಲರೂ ಕೊಕ್ಕರಿ ಅನ್ನುವುದು.

ಯಮನಪ್ಪಣ್ಣ ಮಿಲಿಟರಿಯಲ್ಲಿ ಇಪ್ಪತ್ತು ವರ್ಷ ಬಂದೂಕು ರಿಪೇರಿ ಮಾಡಿದವನು. ಈಗ ಸವದತ್ತಿ ಬಸ್‌ಸ್ಟ್ಯಾಂಡಿನ ಹಿಂದೆ ಲೈಸೆನ್ಸಿನ ಬಂದೂಕಿನ ಅಂಗಡಿ. ಮಾತು ಕಡಿಮೆ. ಮಾಲನ್ನು ಪೂರ್ತಿ ಬಿಚ್ಚಿ, ಒಂದೊಂದೇ ಭಾಗ ಬಿಳಿ ಅರಿವೆಯ ಮೇಲಿಟ್ಟು ತೋರಿಸಿದ. ಕೊನೆಗೆ ಒಂದೇ ಮಾತು ಹೇಳಿದ.

"ಸಾವ್ಕಾರ್ರ, ಕೊಕ್ಕರಿ ಕೈ ಕೊಡೂದಿಲ್ಲ. ಕೊಟ್ರ ಅಂಗಡಿ ಕೀಲಿ ಹಾಕತೇನಿ."

ಇಂಥ ಮಾತು ಆಡುವವನು ಬೇಕು ನೋಡಿ ವ್ಯಾಪಾರದಲ್ಲಿ!

16 ಜುಲೈ 1995

ಹೊಲದ ಬಾವಿ ಹತ್ತಿರ, ಒಡ್ಡಿಗೆ ಹಲಗೆ ಆನಿಸಿ ಹಾರಿಸಿದೆ. ಆರಕ್ಕೆ ಆರು! ಹಲಗೆಗೆ ಬಿದ್ದದ್ದು ಎರಡೇ... ಆದರೆ ಅದು ನನ್ನ ಕೈಯ ತಪ್ಪು, ಕೊಕ್ಕರೆಯದ್ದಲ್ಲ. ಸದ್ದಿಗೆ ಪಕ್ಕದ ಹೊಲದ ಎತ್ತುಗಳು ಗೂಟ ಕಿತ್ತುಕೊಂಡು ಓಡಿದವು. ಅವನ್ನು ಹಿಡಿಯಲು ನಾನೂ ಓಡಿದೆ.

3 ಅಕ್ಟೋಬರ್ 1995, ಬನ್ನಿ ಹಬ್ಬ

ಅಂಗಿಯನ್ನೂ ಬಿಚ್ಚದೆ ಬರೆಯಲು ಕೂತಿದ್ದೇನೆ. ಸಂತೋಷಕ್ಕೆ.

ಬರೆದಿಡಬೇಕು. ಮುರಗೋಡದಲ್ಲಿ ಬನ್ನಿ ಮುರಿಯುವ ಮೊದಲು ಆಕಾಶಕ್ಕೆ ಒಂದು ಬಾರು ಹಾರಿಸುವುದು ನಮ್ಮ ಮನೆತನದ ಮಾನ. ಅಜ್ಜನ ಕಾಲದಿಂದ ಬಂದದ್ದು. ಅಜ್ಜನ ಬಂದೂಕು ಸೀಳಿ ಒಂಬತ್ತು ವರ್ಷವಾಗಿತ್ತು. ಒಂಬತ್ತು ವರ್ಷ ನಮ್ಮ ಮನೆಯವರು ಬನ್ನಿಕಟ್ಟೆಯಲ್ಲಿ ಸುಮ್ಮನೆ ನಿಂತು ಬಂದದ್ದು. ಅವ್ವ ಒಂದು ದಿನವೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹಬ್ಬದ ದಿನ ಉಣ್ಣುತ್ತಿರಲಿಲ್ಲ, ಅಷ್ಟೇ.

ಇವತ್ತು ಪಿಎಸ್ಐ ಸಾಹೇಬರು ತಲೆ ಅಲ್ಲಾಡಿಸಿದರು. ಕೈ ಎತ್ತಿದೆ. ಢಂ! ಮರದ ಹಕ್ಕಿಗಳೆಲ್ಲ ಎದ್ದವು. ಮಂದಿ ಹೋ ಎಂದರು. ಯಮನಪ್ಪಣ್ಣ ಸವದತ್ತಿಯಿಂದ ಬಂದಿದ್ದ, ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು. ಎಲ್ಲರೆದುರು ಅವನನ್ನು ಅಪ್ಪಿಕೊಂಡೆ. ನಾಚಿ ನೆಲ ನೋಡಿದ.

ಅವ್ವ ಹೆಂಗಸರ ಸಾಲಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮನೆಗೆ ಬಂದು ಎರಡು ಹೋಳಿಗೆ ಉಂಡಳು. ಬರುವ ವರ್ಷದಿಂದ ಹಬ್ಬದ ಹಿಂದಿನ ದಿನದ ಖಂಡೆಪೂಜೆ, ಕೊಕ್ಕರೆಯ ಆಯುಧಪೂಜೆ, ತನ್ನದೇ ಅಂತೆ. ನಾನು ಹಚ್ಚಿದ ಒಂದು ಬೊಟ್ಟು ಕುಂಕುಮ ಸಾಲದಂತೆ. ಆಗಲಿ ಅಂದೆ.

8 ಏಪ್ರಿಲ್ 1996

ಎಲೆಕ್ಷನ್. ಲೈಸೆನ್ಸಿದ್ದವರೆಲ್ಲ ಆಯುಧ ಠಾಣೆಗೆ ತಂದಿಡಬೇಕೆಂದು ಆರ್ಡರ್. ಬಿಸಿಲಲ್ಲಿ ಸಾಲು ನಿಂತೆವು, ಸುತ್ತಿನ ಹತ್ತಾರು ಊರಿನ ಬಂದೂಕಿನವರು. ಇಂಥ ಸಾಲು ಬೇರೆಲ್ಲೂ ಸಿಗುವುದಿಲ್ಲ. ಯಾರ ಹತ್ತಿರ ಏನಿದೆ, ಯಾವುದು ಛಲೋ, ಯಾವುದು ಡಬ್ಬಾ — ಎಲ್ಲ ಅಲ್ಲೇ ತೀರ್ಮಾನ.

ನಾನು ಸುಮ್ಮನಿರುವವನೇ? ಕೊಕ್ಕರೆಯ ಪುರಾಣ ಒಂದು ತಾಸು ಹೇಳಿದೆ. ಚಿಕ್ಕಪ್ಪನ ಮಗ ಮಹಾಂತಪ್ಪ ತನ್ನ ಹೊಸ ಹನ್ನೆರಡು ಬೋರಿನ ಬಂದೂಕು ಹೆಗಲಿಗೆ ಹಾಕಿಕೊಂಡು ಆಕಳಿಸುತ್ತ ನಿಂತಿದ್ದ. ಹೊಟ್ಟೆಕಿಚ್ಚು, ಬೇರೇನಿಲ್ಲ. ಆದರೆ ಇಬ್ಬರು ಅಲ್ಲೇ ಯಮನಪ್ಪಣ್ಣನ ವಿಳಾಸ ಬರೆದುಕೊಂಡರು. ತಮಗೂ ಕೊಕ್ಕರೆಯೇ ಬೇಕಂತೆ!

ಹವಾಲ್ದಾರ ರಸೀದಿ ಹರಿದು ಕೊಟ್ಟ. ಕೊಕ್ಕರೆಯನ್ನು ಕಪಾಟಿನಲ್ಲಿ ಇಟ್ಟಾಗ ಬಾಗಿಲಿನಿಂದ ಎರಡು ಸಲ ಹಿಂತಿರುಗಿ ನೋಡಿದೆ. ಅನ್ನಪೂರ್ಣಾ ತವರಿಗೆ ಹೋದಾಗಲೂ ಹೀಗೆ ನೋಡಿರಲಿಲ್ಲ. ಇದನ್ನು ಅವಳು ಓದಬಾರದು.

20 ಅಕ್ಟೋಬರ್ 1996, ಖಂಡೆಪೂಜೆ

ಬೆಳಗಿನಿಂದ ಬೈಲಹೊಂಗಲದಲ್ಲೇ. ಹೊಸ ಜಿನ್ ಮಶೀನು ಕೂಡಿಸಿದ್ದೇವೆ, ಅದರ ಪೂಜೆ. ಕೆಲಸದವರಿಗೆಲ್ಲ ಬುಂದಿ, ಚುರಮುರಿ. ಮನೆಯ ಪೂಜೆ ಅವ್ವನದು. ಸಂಜೆ ಬಂದಾಗ ಕೊಕ್ಕರೆ ಮಣೆಯ ಮೇಲೆ ಸೇವಂತಿಗೆ ಮಾಲೆ ಹಾಕಿಕೊಂಡು ಕೂತಿತ್ತು. ಪೂಜೆಗೆ ಇಟ್ಟ ಆಯುಧ ಮರುದಿನದವರೆಗೆ ಅಲುಗಿಸಬಾರದು. ಕೈಮುಗಿದು ಬಂದೆ. ನಾಳೆ!

21 ಅಕ್ಟೋಬರ್ 1996, ಬನ್ನಿ ಹಬ್ಬ

ಬರೆಯುವುದು ಹೇಗೆ? ಪೆನ್ನು ಒತ್ತಿ ಹಾಳೆ ಹರಿದಿದೆ.

ಕೈ ಎತ್ತಿದೆ. ಟಿಕ್. ಮತ್ತೆ ಒತ್ತಿದೆ. ಟಿಕ್. ಮೂರನೇ ಸಲವೂ ಟಿಕ್. ಮೊದಲು ಒಂದು ಹುಡುಗಿ ನಕ್ಕಳು, ಆಮೇಲೆ ಊರೇ ನಕ್ಕಿತು. ಮಹಾಂತಪ್ಪ ತನ್ನ ಬಂದೂಕು ಎತ್ತಿ ಹಾರಿಸಿದ. ನಮ್ಮ ಮನೆಯ ಬಾರು ಚಿಕ್ಕಪ್ಪನ ಮನೆಗೆ ಹೋಯಿತು!

ಯಮನಪ್ಪ ಗುಂಪು ಸರಿಸಿಕೊಂಡು ಬಂದು ಕೈಚಾಚಿದ. ಕೊಕ್ಕರೆಯನ್ನು ತಿರುವಿ ನೋಡಿದ, ಮೂಗಿನ ಹತ್ತಿರ ಹಿಡಿದ. ಒಮ್ಮೆ ಆ ಕಡೆ ಹೆಂಗಸರ ಸಾಲು ನೋಡಿದ. ಏನೋ ಹೇಳಲು ಬಾಯಿ ತೆರೆದವನು ಮುಚ್ಚಿದ.

"ನಾಳೆ ಅಂಗಡಿಗೆ ತಗೊಂಡ ಬರ್ರಿ, ಬಿಚ್ಚಿ ನೋಡತೇನಿ" ಅಂದ.

ನೋಡಬೇಕಾದ್ದೇನು? ಕಳ್ಳನ ಮುಖ, ತೊದಲುವ ಮಾತು! ಎಲ್ಲರೆದುರು ಹೇಳಿದೆ — ಕೊಕ್ಕರಿ ಡಬ್ಬಾ, ಅದನ್ನು ಮಾರಿದವನು ಮೋಸಗಾರ, ಇನ್ನು ಇವನ ಕೈಗೆ ಒಂದು ಮೊಳೆಯನ್ನೂ ಕೊಡುವುದಿಲ್ಲ. ಒಂದು ಮಾತೂ ಎದುರಾಡಲಿಲ್ಲ. ತಲೆ ತಗ್ಗಿಸಿ ಬಸ್‌ಸ್ಟ್ಯಾಂಡಿನ ಕಡೆ ಹೋದ. ನಿಜವಿದ್ದರೆ ಎದುರಾಡುತ್ತಿರಲಿಲ್ಲವೇ?

ಅವ್ವ ಉಣ್ಣಲಿಲ್ಲ.

23 ಅಕ್ಟೋಬರ್ 1996

ಬಾವಿ ಹತ್ತಿರ ಹಾರಿಸಿ ನೋಡಿದೆ. ಆರಕ್ಕೆ ಎರಡು. ಕಾಡತೂಸು ಬದಲಿಸಿದೆ, ಮತ್ತೆ ಎರಡು. ಸರಿ. ಖಾತ್ರಿಯಾಯಿತು. ಹೆರಾನ್ ಕಂಪನಿಯವರು ಕೊಕ್ಕರೆ ಸಾಕಲಿ, ರಿವಾಲ್ವರ್ ಬೇಡ.

12 ಫೆಬ್ರುವರಿ 1998

ಮತ್ತೆ ಎಲೆಕ್ಷನ್, ಮತ್ತೆ ಸಾಲು. ಇವತ್ತು ಡಬ್ಬಾ ಪುರಾಣ. ಹೇಗೆ ಟಿಕ್ ಅಂದಿತು, ಯಮನಪ್ಪ ಹೇಗೆ ಮುಖ ತಗ್ಗಿಸಿದ, ಎಲ್ಲ ಅಭಿನಯಿಸಿ ತೋರಿಸಿದೆ. ಸಾಲು ಬಿದ್ದು ಬಿದ್ದು ನಕ್ಕಿತು. ಅಂದು ವಿಳಾಸ ಬರೆದುಕೊಂಡಿದ್ದ ಇಬ್ಬರೂ ತಮ್ಮ ಕೊಕ್ಕರೆಯನ್ನು ಅನುಮಾನದಿಂದ ತಿರುವಿ ನೋಡಿಕೊಂಡರು. ತಮ್ಮದು ಈವರೆಗೆ ಸರಿಯಾಗಿದೆಯಂತೆ. ನೋಡ್ತಾ ಇರ್ರಿ ಅಂದೆ.

1 ಅಕ್ಟೋಬರ್ 1998, ಬನ್ನಿ ಹಬ್ಬ

ಈ ವರ್ಷವೂ ಮಹಾಂತಪ್ಪನ ಬಂದೂಕೇ. ನಾನು ಬನ್ನಿಕಟ್ಟೆಗೆ ಹೋಗಲಿಲ್ಲ. ಸದ್ದು ಮನೆಗೇ ಕೇಳಿಸಿತು.

ಅವ್ವ ಮಾತ್ರ ಕೊಕ್ಕರೆಯನ್ನು ಬಿಟ್ಟಿಲ್ಲ. ಅದು ಮುನಿಸಿಕೊಂಡಿದೆ, ರಮಿಸಬೇಕು ಅನ್ನುತ್ತಾಳೆ. ಪ್ರತಿ ಖಂಡೆಪೂಜೆಗೆ ಬಾಗಿಲು ಹಾಕಿಕೊಂಡು ಒಂದು ತಾಸು ಪೂಜೆ. ಕಬ್ಬಿಣದ ಡಬ್ಬಾಕ್ಕೆ ಮುನಿಸೇನು ಬಂತು! ಏನಾದರೂ ಮಾಡಿಕೊಳ್ಳಲಿ.

19 ಆಗಸ್ಟ್ 1999

ಮತ್ತೆ ಎಲೆಕ್ಷನ್! ಎರಡು ವರ್ಷವೂ ಆಗಿಲ್ಲ. ನನ್ನ ರಿವಾಲ್ವರ್ ನನಗಿಂತ ಹೆಚ್ಚು ಪೊಲೀಸರ ಹತ್ತಿರವೇ ಇರುತ್ತದೆ.

ಸಾಲಿನಲ್ಲಿ ಸುದ್ದಿ ಸಿಕ್ಕಿತು. ಯಮನಪ್ಪ ಅಂಗಡಿಗೆ ಕೀಲಿ ಹಾಕಿದನಂತೆ. ಯಾರೂ ಬಂದೂಕು ಕೊಡುತ್ತಿರಲಿಲ್ಲವಂತೆ, ನನ್ನ ಮಾತು ಕೇಳಿ. ಹೇಳಿದವನು ನನ್ನ ಮುಖ ನೋಡಿದ. ತಾನೇ ಆಡಿದ ಮಾತು, ತಾನೇ ನಡೆಸಿದ ಅಂದೆ. ಎದೆ ತಣ್ಣಗಾಯಿತು — ಹಾಗೆ ಅನ್ನಿಸಿತು.

30 ಮಾರ್ಚ್ 2004

ಐದು ವರ್ಷದಿಂದ ಈ ಪುಸ್ತಕದಲ್ಲಿ ಕೊಕ್ಕರೆಯ ಹೆಸರಿಲ್ಲ. ಇವತ್ತು ಮತ್ತೆ ಸಾಲು, ಮತ್ತೆ ರಸೀದಿ. ಸಾಕಾಯಿತು, ಮಾರಿಬಿಡುತ್ತೇನೆ. ಆದರೆ ಕೊಳ್ಳುವವರು ಯಾರು? ಕೊಕ್ಕರಿ ಡಬ್ಬಾ ಎಂದು ನಾಲ್ಕು ತಾಲೂಕಿಗೆ ಸಾರಿದವನು ನಾನೇ. ಅನ್ನಪೂರ್ಣಾ ಕೇಳಿ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಳು.

18 ಆಗಸ್ಟ್ 2004, ಮಧ್ಯಾಹ್ನ 2, ಹುಬ್ಬಳ್ಳಿ

ಹೋಟೆಲಿನ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಚಹಾ ಆರಿಹೋಗಿದೆ.

ರಾಮದುರ್ಗದ ಒಬ್ಬ ಬಟ್ಟೆ ವ್ಯಾಪಾರಿ ಕೊಳ್ಳಲು ಒಪ್ಪಿದ್ದ, ತಿಳಿದವರ ಹತ್ತಿರ ತೋರಿಸಿಕೊಂಡು ಬನ್ನಿ ಎಂಬ ಷರತ್ತಿನ ಮೇಲೆ. ಅದಕ್ಕೇ ಇಲ್ಲಿಯ ಬಂದೂಕಿನ ಅಂಗಡಿಗೆ ತಂದೆ. ಅಂಗಡಿಯ ಮುದುಕ ಸ್ಕ್ರೂ ಬಿಚ್ಚಿ ಪಕ್ಕದ ತಗಡು ತೆಗೆದ. ಮೂಗಿನ ಹತ್ತಿರ ಒಯ್ದ. ನನ್ನ ಮುಖ ನೋಡಿದ.

"ಸಾಹೇಬ್ರ, ಇದರಾಗ ತುಪ್ಪಾ ಯಾರ ಹಾಕ್ಯಾರ?"

ಒಳಗೆ ಜಾಗವೇ ಇಲ್ಲ! ತುಪ್ಪ, ವಿಭೂತಿ, ಕುಂಕುಮ, ಜೇನು — ಎಂಟು ವರ್ಷದ್ದು ಸೇರಿ ಅಂಟುಂಡೆಯಂತೆ ಗಟ್ಟಿಯಾಗಿದೆ. ಸ್ಪ್ರಿಂಗು ಅದರಲ್ಲಿ ಹೂತುಹೋಗಿದೆ. ಹ್ಯಾಮರು ಜೋರಾಗಿ ಹೊಡೆಯುವುದೇ ಇಲ್ಲ. ಮುದುಕ ಸೀಮೆಎಣ್ಣೆಯಲ್ಲಿ ನೆನೆಸಿ, ಕಡ್ಡಿಯಿಂದ ಕೆರೆದು ತೆಗೆದ. ಒಳಗಿನ ಉಕ್ಕು ಹೊಸದರಂತೆ ಹೊಳೆಯಿತು. ಮಾಲು ವಜ್ರದಂಥದ್ದು, ಯಾಕೆ ಮಾರ್ತೀರಿ ಅಂದ.

ಮೂಗಿನ ಹತ್ತಿರ ಹಿಡಿದ... ಯಮನಪ್ಪನೂ ಅಂದು ಮೂಗಿನ ಹತ್ತಿರ ಹಿಡಿದಿದ್ದ.

ಅದೇ ದಿನ, ಸಂಜೆ 7, ಮುರಗೋಡ

ಅವ್ವನನ್ನು ನೇರವಾಗಿ ಕೇಳಲಿಲ್ಲ. ಖಂಡೆಪೂಜೆ ಹೇಗೆ ಮಾಡುತ್ತೀ ಅಂತ ಮಾತಿಗೆ ಮಾತು ತೆಗೆದೆ. ಖುಷಿಯಿಂದ ಹೇಳಿದಳು. ಮೊದಲು ವಿಭೂತಿ, ಆಮೇಲೆ ಕುಂಕುಮ. ಹಿಂದಿನ ಸಂದಿಯಲ್ಲಿ ಒಂದು ಚಮಚ ಬೆಚ್ಚನೆ ತುಪ್ಪ, ಒಳಗಿನ ದೇವರಿಗೂ ಮುಟ್ಟಬೇಕಲ್ಲ. ಟಿಕ್ ಅಂದ ವರ್ಷದಿಂದ ಎರಡು ಚಮಚ, ಜೊತೆಗೆ ಜೇನು. ಮಾಡಿದ ಮೇಲೆ ಹೊರಗೆ ಒರೆಸಿ ಇಡುತ್ತಾಳೆ, ಚೊಕ್ಕ ಕಾಣಬೇಕಲ್ಲ.

ಎಂಬತ್ತು ವರ್ಷದ ಜೀವ. ಕಣ್ಣು ಮಿಂಚುತ್ತಿದ್ದವು. ಹುಬ್ಬಳ್ಳಿಯ ಮಾತು ತೆಗೆಯದೆ ಎದ್ದು ಬಂದೆ.

19 ಆಗಸ್ಟ್ 2004, ಬೆಳಿಗ್ಗೆ

ಬಾವಿ ಹತ್ತಿರ. ಆರಕ್ಕೆ ಆರು! ಮತ್ತೆ ತುಂಬಿದೆ, ಮತ್ತೆ ಆರು! ಒಬ್ಬನೇ ಹೊಲದಲ್ಲಿ ಕುಣಿದೆ. ಈ ವಯಸ್ಸಿಗೆ! ಕೊಕ್ಕರೆ ಎಂದೂ ಕೆಟ್ಟಿರಲಿಲ್ಲ. ತುಪ್ಪ ಕುಡಿದೂ ಆರಕ್ಕೆ ಎರಡು ಹಾರಿಸಿತ್ತಲ್ಲ, ಎಂಥ ಮಾಲು! ಹೆರಾನಿನವರ ಕಾಲು ಮುಟ್ಟಬೇಕು.

ಕುಣಿಯುವುದು ನಿಂತಿತು. ಕಾಲು ಮುಟ್ಟಬೇಕಾದ್ದು ಅವರದ್ದಲ್ಲ. ಒಬ್ಬ ಮನುಷ್ಯನ ಹೊಟ್ಟೆಯ ಮೇಲೆ ಹೊಡೆದೆ. ಎಲ್ಲರೆದುರು, ಮತ್ತೆ ಮತ್ತೆ, ಪ್ರತಿ ಸಾಲಿನಲ್ಲಿ, ನಗಿಸಿ ನಗಿಸಿ ಹೊಡೆದೆ.

21 ಆಗಸ್ಟ್ 2004, ಸವದತ್ತಿ

ಅಂಗಡಿ ಈಗ ಮೊಬೈಲಿನವರದ್ದು. ಮನೆ ಹುಡುಕಿ ಹೋದೆ. ಯಮನಪ್ಪಣ್ಣ ಕಟ್ಟೆಯ ಮೇಲೆ ಕೂತು ಯಾರದೋ ಹೊಲಿಗೆ ಮಶೀನು ಬಿಚ್ಚಿದ್ದ, ಕೆಳಗೆ ಅದೇ ಬಿಳಿ ಅರಿವೆ. ದಪ್ಪ ಚಷ್ಮಾ. ನನ್ನನ್ನು ಕಂಡು ಎದ್ದು ನಿಂತ. ಬರ್ರಿ ಸಾವ್ಕಾರ್ರ ಅಂದ, ನಿನ್ನೆ ಭೇಟಿಯಾದವನಂತೆ. ಹೆಂಡತಿ ರಾಯವ್ವ ಮಾತ್ರ ನೀರು ತಂದಿಟ್ಟು, ಮುಖ ನೋಡದೆ ಒಳಗೆ ಹೋದಳು. ಅವಳೇ ಸರಿ.

ಹುಬ್ಬಳ್ಳಿಯ ಕಥೆ ಹೇಳಿದೆ. ಆಶ್ಚರ್ಯಪಡುತ್ತಾನೆ ಅಂದುಕೊಂಡಿದ್ದೆ. ಪಡಲಿಲ್ಲ. ಸ್ಕ್ರೂಡ್ರೈವರು ಒರೆಸಿ ಕೆಳಗಿಟ್ಟ.

"ಅವತ್ತ ವಾಸನಿ ಬಂತ್ರಿ" ಅಂದ. "ಹಸುವಿನ ತುಪ್ಪಾ. ಅವ್ವಾರು ಅಲ್ಲೇ ನಿಂತಿದ್ರು. ಹಂತಾ ಮಂದ್ಯಾಗ ನಾ ಬಾಯಿ ಬಿಟ್ಟಿದ್ರ ಊರೆಲ್ಲಾ ಅವರನ್ನ ನೋಡಿ ನಗತಿತ್ತು. ಅಂಗಡಿಗೆ ತರತೀರಿ, ಬಿಚ್ಚಿ ತೊಳದ ಕೊಟ್ರಾತು ಅಂದ್ಕೊಂಡೆ. ನೀವು ಬರಲಿಲ್ಲ."

ನಾನು ಹೋಗಲಿಲ್ಲ. ಅಷ್ಟೇ ಆದದ್ದು. ಇಪ್ಪತ್ತೈದು ಕಿಲೋಮೀಟರು ಹೋಗಲಿಲ್ಲ.

ಆಮೇಲಾದರೂ ಬಂದು ಹೇಳಬಾರದಿತ್ತೇ ಎಂದು ಕೇಳಿದೆ. ಎರಡು ಸಲ ಜಿನ್ನಿನ ಗೇಟಿಗೆ ಬಂದಿದ್ದನಂತೆ. ಒಳಗೆ ಬಿಡಬೇಡಿ ಎಂದು ನಾನೇ ಹೇಳಿಟ್ಟಿದ್ದೆನಂತೆ. ಹೇಳಿದ್ದೆ... ನೆನಪಾಯಿತು.

ಅತ್ತೆ. ಐವತ್ನಾಲ್ಕು ವರ್ಷದ ಗಂಡಸು, ಬಾಗಿಲಲ್ಲಿ ಕೂತು ಅತ್ತೆ. ರಾಯವ್ವ ಆಗ ಚಹಾ ತಂದಳು.

ಬನ್ನಿಯ ದಿನ, ಅದೇ ಕಟ್ಟೆಯಲ್ಲಿ, ಅದೇ ಮಂದಿಯೆದುರು ತಪ್ಪೊಪ್ಪಿಕೊಳ್ಳುತ್ತೇನೆ, ಬರಲೇಬೇಕು ಅಂದೆ. ಬರುತ್ತೇನೆ ಅಂದ. ಒಂದೇ ಕರಾರು, ಅವ್ವನ ಹೆಸರು ತೆಗೆಯಬಾರದು.

21 ಅಕ್ಟೋಬರ್ 2004, ಖಂಡೆಪೂಜೆ

ಈ ಸಲ ನಾನೇ ಪೂಜೆ ಮಾಡಿದೆ. ಹೊರಗೆ ಒಂದು ಬೊಟ್ಟು, ಒಂದು ಹೂವು. ಅವ್ವ ತುಪ್ಪದ ಬಟ್ಟಲು ಹಿಡಿದು ನಿಂತಿದ್ದಳು. ಯಾಕೆ ಬೇಡ ಅಂದಳು. ಹೀಗೇ ಅಂದೆ. ಬಟ್ಟಲು ನೋಡಿದಳು, ಕೊಕ್ಕರೆ ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋದಳು.

22 ಅಕ್ಟೋಬರ್ 2004, ಬನ್ನಿ ಹಬ್ಬ, ಸಂಜೆ

ಬಂದ! ಇಸ್ತ್ರಿ ಅಂಗಿ ಹಾಕಿಕೊಂಡು ಬಂದ!

ಅವ್ವನಿಗೆ ಮೊಣಕಾಲು ನೋವು, ಮನೆಯಲ್ಲೇ ಉಳಿದಳು. ಒಳ್ಳೆಯದೇ ಆಯಿತು ಅಂದುಕೊಂಡೆ. ಮಹಾಂತಪ್ಪ ಬಂದೂಕು ಎತ್ತುವ ಮೊದಲೇ ಕಟ್ಟೆ ಹತ್ತಿದೆ. ಎಂಟು ವರ್ಷದ ಹಿಂದೆ ಇಲ್ಲೇ ನಿಂತು ಇವನನ್ನು ಮೋಸಗಾರ ಅಂದಿದ್ದೆ, ಮೋಸ ಅವನದಲ್ಲ, ಕೊಕ್ಕರೆಯದ್ದೂ ಅಲ್ಲ, ಪೂಜೆಯ ಹುಮ್ಮಸ್ಸಿನಲ್ಲಿ ಒಳಗೆ ತುಪ್ಪ ಸುರಿದವನು ನಾನೇ ಅಂದೆ. ಬಿತ್ತು ನೋಡಿ ನಗೆ! ಸಾವ್ಕಾರ ರಿವಾಲ್ವರಿಗೆ ಹೋಳಿಗಿ ಉಣಿಸ್ಯಾನ ಅಂತ ಯಾರೋ ಕೂಗಿದರು. ನಗಲಿ. ನನ್ನ ಪಾಲಿನ ನಗೆ ಅದು, ಎಂಟು ವರ್ಷದ ಬಾಕಿ.

ಯಮನಪ್ಪಣ್ಣ ಕಟ್ಟೆಯ ಮೇಲೆ ಬಿಳಿ ಅರಿವೆ ಹಾಸಿದ. ಎಲ್ಲರೆದುರು ಕೊಕ್ಕರೆಯನ್ನು ಬಿಚ್ಚಿದ, ತೋರಿಸಿದ, ಜೋಡಿಸಿದ. ಆ ಬೆರಳುಗಳು ಏನೂ ಮರೆತಿಲ್ಲ. ನನ್ನ ಕೈಗಿಟ್ಟ. ಮಹಾಂತಪ್ಪ ತನ್ನ ಬಂದೂಕು ಕೆಳಗಿಳಿಸಿ, ಹಾರಸೋ ಮಾರಾಯಾ ಅಂದ. ಹೊಟ್ಟೆಕಿಚ್ಚು ಎಂದು ಬರೆದದ್ದನ್ನು ಹಿಂತೆಗೆದುಕೊಂಡಿದ್ದೇನೆ.

ಢಂ!

ಮೊದಲ ಬನ್ನಿ ಯಮನಪ್ಪಣ್ಣನಿಗೆ ಕೊಟ್ಟು ಕಾಲು ಮುಟ್ಟಿದೆ. ಸಾಲಿನ ಆ ಇಬ್ಬರು ಕೊಕ್ಕರೆಯವರು ಮುಂದೆ ಬಂದು, ತಮ್ಮವನ್ನೂ ಒಮ್ಮೆ ನೋಡಿಕೊಡುತ್ತೀರಾ ಎಂದು ಕೇಳಿದರು. ಬರ್ರಿ, ಅಂಗಡಿ ಕೀಲಿ ತಗೀತೇನಿ ಅಂದ. ಮನೆಗೆ ಮಾತ್ರ ಬರಲಿಲ್ಲ, ಎಷ್ಟು ಕರೆದರೂ. ಹಿರಿಯಳೆಂದು ಅವ್ವನಿಗೆ ಬನ್ನಿ ಕೊಡಲು ಊರೆಲ್ಲ ಬಂತು, ಅವನು ನೆಟ್ಟಗೆ ಬಸ್ಸು ಹತ್ತಿದ.

ಬಂದ ಹೆಂಗಸರು ಕಟ್ಟೆಯಲ್ಲಿ ನಡೆದದ್ದನ್ನೆಲ್ಲ ಅವ್ವನಿಗೆ ಹೇಳಿದ್ದಾರೆ. ಅವ್ವ ಉಣ್ಣಲಿಲ್ಲ. ನನ್ನ ಜೊತೆ ಮಾತೂ ಇಲ್ಲ.

23 ಅಕ್ಟೋಬರ್ 2004, ಬೆಳಿಗ್ಗೆ 6.20

ಅವಸರದಲ್ಲಿ ಬರೆಯುತ್ತಿದ್ದೇನೆ. ಎದ್ದು ನೋಡಿದರೆ ಅವ್ವ ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ಸೆರಗಿನಲ್ಲಿ ಬನ್ನಿ ಎಲೆ ಕಟ್ಟಿಕೊಂಡು ಕೂತಿದ್ದಾಳೆ. ಸವದತ್ತಿಗೆ ನಡಿ ಅಂದಳು.

ಬನ್ನಿ ಕಿರಿಯರು ಹಿರಿಯರಿಗೆ ಕೊಡುವುದು ಅವ್ವಾ ಅಂದೆ. ತನಗೆ ಗೊತ್ತು ಅಂದಳು. ತುಪ್ಪ ಸುರಿದದ್ದು ನಾನೇ ಎಂದು ಮತ್ತೆ ಹೇಳಿದೆ. ಹಣೆ ಬಡಿದುಕೊಂಡಳು. ಹಂಗಾದರೆ ಎಂಟು ವರ್ಷ ಬಟ್ಟಲು ಹಿಡಿದವರು ಯಾರು ಅಂದಳು. ಕೊನೆಗೆ ಎಲ್ಲ ಒಪ್ಪಿಕೊಂಡೆ, ಯಮನಪ್ಪಣ್ಣನ ಕರಾರನ್ನೂ.

ಅವ್ವ ಸೆರಗಿನ ಬನ್ನಿ ಗಂಟನ್ನು ಇನ್ನಷ್ಟು ಬಿಗಿದಳು.

"ಎಂಟು ವರ್ಷ ಅಂವಾ ಉಪಾಸ ಇದ್ದು ನನ್ನ ಮಾನಾ ಕಾದಾನ, ತಮ್ಮಾ. ಅಂವಗ ಕೊಡೂ ಬನ್ನಿ ನನ್ನ ಹೆಸರಲೇ ಕೊಡತೇನಿ. ದಾರ್ಯಾಗ ಬನ್ನಿಕಟ್ಟಿ ಹಂತ್ಯಾಕ ಗಾಡಿ ನಿಲ್ಲಸು. ತುಪ್ಪಾ ಹಾಕಿದಾಕಿ ನಾನ, ಈ ಚನ್ನವ್ವ ಅಂತ ಎಲ್ಲಾರಿಗೂ ಹೇಳಿ ಮುಂದ ಹೋಗೂಣು."

ಎಂಬತ್ತು ವರ್ಷ! ಮೊಣಕಾಲು ನೋವು ಎಲ್ಲಿ ಹೋಯಿತೋ, ಆಗಲೇ ಅಂಗಳ ದಾಟಿ ಕಾರಿನಲ್ಲಿ ಕೂತಾಗಿದೆ. ಅನ್ನಪೂರ್ಣಾ ತುಪ್ಪದ ಡಬ್ಬಿ ತಂದು ಡಿಕ್ಕಿಯಲ್ಲಿ ಇಡುತ್ತಿದ್ದಾಳೆ, ರಾಯವ್ವನ ಮನೆಯ ಹೋಳಿಗೆಗಂತೆ, ನನ್ನ ಕಡೆ ನೋಡಿ ನಗುತ್ತಿದ್ದಾಳೆ. ಅವ್ವ ಹಾರ್ನ್ ಒತ್ತಿ ಹಿಡಿದಿದ್ದಾಳೆ. ಅದು ಯಾರು ಕಲಿಸಿದರೋ. ಓಣಿಯ ಬಾಗಿಲುಗಳೆಲ್ಲ ತೆರೆಯುತ್ತಿವೆ. ಬಂದೆನವ್ವಾ, ಬಂದೆ, ಚಪ್ಪಲಿ ಒಂದು ಸಿಗುತ್ತಿಲ್ಲ...